ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕು?

ಅನುಭವದಿಂದ ಪರೀಕ್ಷಿಸಬಹುದೇ ಎಂಬ ಜರಡಿ ಹಿಡಿದು ಅರ್ಥವಿರುವ ಮಾತನ್ನು ಅರ್ಥವಿಲ್ಲದ್ದರಿಂದ ಬೇರ್ಪಡಿಸಲು ಹೊರಟ ತತ್ವಚಿಂತನೆ ಲಾಜಿಕಲ್ ಪಾಸಿಟಿವಿಸಂ. ಅದರ ಪಾಠ ಶುರುವಾಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಯಾರಾದರೂ ಕೈ ಎತ್ತುತ್ತಾರೆ. “ಸರ್, ಪರೀಕ್ಷೆ ಮಾಡೋಕೆ ಆಗದ ಮಾತಿಗೆ ಅರ್ಥವೇ ಇಲ್ಲ ಅಂತಾರಲ್ಲ, ಆ ಮಾತನ್ನೇ ಪರೀಕ್ಷೆ ಮಾಡೋದು ಹೇಗೆ?” ತರಗತಿ ನಗುತ್ತದೆ. ಪ್ರಶ್ನೆ ಚುರುಕಾಗಿದೆ, ಆದರೆ ಆ ವಾದ ಬಿದ್ದದ್ದು ಅದೊಂದರಿಂದಲೇ ಅಲ್ಲ. ‘ಇದು ಲೋಕದ ಬಗ್ಗೆ ಹೇಳಿಕೆ ಅಲ್ಲ, ಭಾಷೆಗೆ ನಾವು ಸೂಚಿಸುವ ನಿಯಮ’ ಎಂದು ಆ ವಾದದವರು ಜಾರಿಕೊಳ್ಳಬಹುದಿತ್ತು.

ಈ ವಾದದ ಮುಂದಾಳು, ತತ್ವಜ್ಞಾನಿ ಮೊರಿಟ್ಸ್ ಶ್ಲಿಕ್ 1922ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಬಂದರು. ಗುರುವಾರ ಸಂಜೆ ಅವರ ಸುತ್ತ ಸೇರುತ್ತಿದ್ದವರಲ್ಲಿ ಗಣಿತಜ್ಞ ಹಾನ್, ಸಮಾಜವಿಜ್ಞಾನಿ ನೊಯ್ರಾಟ್, ಆಮೇಲೆ ಬಂದ ತತ್ವಜ್ಞಾನಿ ಕಾರ್ನಪ್ ಇದ್ದರು. ಐನ್‌ಸ್ಟೈನ್ ಭೌತಶಾಸ್ತ್ರವನ್ನೇ ಬುಡಮೇಲು ಮಾಡಿದ್ದ ಕಾಲ. ತತ್ವಶಾಸ್ತ್ರ ಮಾತ್ರ ಹಳೇ ಜಗಳಗಳಲ್ಲೇ ಸುತ್ತುತ್ತಿದೆ ಎಂಬ ಸಿಟ್ಟು ಅವರಿಗೆ. ‘ಶೂನ್ಯವೇ ಶೂನ್ಯಗೊಳಿಸುತ್ತದೆ’ ಎನ್ನುವಂಥ ಜರ್ಮನ್ ತತ್ವಜ್ಞಾನಿ ಹೈಡೆಗರ್ ಮಾತನ್ನು 1932ರಲ್ಲಿ ಕಾರ್ನಪ್ ಬಿಡಿಸಿಟ್ಟು, ಇದು ಸುಳ್ಳೂ ಅಲ್ಲ, ಸುಮ್ನೆ ಅರ್ಥವಿಲ್ಲದ್ದು ಎಂದರು.

ಹಾಗಂತ ಇವರು ಕಣ್ಣಿಗೆ ಕಂಡದ್ದಷ್ಟೇ ನಿಜ ಎಂದವರಲ್ಲ. ಚಂದ್ರನ ಆಚೆ ಬದಿಯಲ್ಲಿ ಬೆಟ್ಟವಿದೆ ಎಂಬ ಮಾತನ್ನು ಆಗ ಯಾರೂ ನೋಡಿ ಹೇಳುವಂತಿರಲಿಲ್ಲ. ಆದರೂ ಅದಕ್ಕೆ ಅರ್ಥವಿದೆ ಎಂದರು ಶ್ಲಿಕ್. ಏನನ್ನು ನೋಡಿದರೆ ಅದು ನಿಜವಾಗುತ್ತದೆ ಎಂದು ಗೊತ್ತಿದ್ದರೆ ಸಾಕು. (1959ರಲ್ಲಿ ಸೋವಿಯತ್ ನೌಕೆ ಆ ಬದಿಯ ಫೋಟೋ ತೆಗೆಯಿತು.)

ಪೆಟ್ಟು ಬಿದ್ದದ್ದು ವಿಜ್ಞಾನದ ಕಡೆಯಿಂದಲೇ. ‘ಕಾಯಿಸಿದರೆ ಎಲ್ಲ ಲೋಹವೂ ಹಿಗ್ಗುತ್ತದೆ’ ಎಂಬುದನ್ನು ಪೂರ್ತಿ ಪರೀಕ್ಷಿಸುವುದು ಹೇಗೆ? ಎಲ್ಲ ಲೋಹವನ್ನೂ ಎಲ್ಲ ಕಾಲಕ್ಕೂ ಕಾಯಿಸಬೇಕಲ್ಲ! ಜರಡಿಯ ಕಣ್ಣು ಸಣ್ಣದಾದರೆ ಅವರು ಕಾಪಾಡಲು ಹೊರಟ ವಿಜ್ಞಾನದ ನಿಯಮಗಳೇ ಅದರಲ್ಲಿ ಇಳಿಯದೆ ಅರ್ಥವಿಲ್ಲದ ಮಾತುಗಳ ಸಾಲಿಗೆ ಸೇರಿದವು. ಪೂರ್ತಿ ಪರೀಕ್ಷೆ ಬೇಡ, ಒಂದಿಷ್ಟು ಪರೀಕ್ಷೆಗೆ ಸಿಕ್ಕರೆ ಸಾಕು ಎಂದು ಇಂಗ್ಲೆಂಡಿನ ತತ್ವಜ್ಞಾನಿ ಎ.ಜೆ. ಏಯರ್ ಕಣ್ಣು ದೊಡ್ಡದು ಮಾಡಿದರು. 1946ರಲ್ಲಿ ಅದನ್ನು ಮತ್ತೆ ತಿದ್ದಿದರು. ತಿದ್ದಿದ ಜರಡಿಯಲ್ಲೂ ಹೆಚ್ಚುಕಡಿಮೆ ಯಾವ ಮಾತನ್ನು ಬೇಕಾದರೂ ನುಸುಳಿಸಬಹುದು ಎಂದು ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ 1949ರಲ್ಲಿ ತೋರಿಸಿದರು.

ಅಷ್ಟರಲ್ಲಿ ಗುಂಪೂ ಚದುರಿಹೋಗಿತ್ತು. 1936ರಲ್ಲಿ ಶ್ಲಿಕ್‌ರನ್ನು ಅವರ ಹಳೇ ವಿದ್ಯಾರ್ಥಿಯೊಬ್ಬ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೇ ಗುಂಡಿಟ್ಟು ಕೊಂದ. ನಾಜಿಗಳ ಕಾಲ ಬಂದಾಗ ಉಳಿದವರಲ್ಲಿ ಹಲವರು ದೇಶ ಬಿಟ್ಟರು.

1951ರಲ್ಲಿ ಅಮೆರಿಕದ ತತ್ವಜ್ಞಾನಿ ಕ್ವೈನ್ ಈ ವಾದದ ಬುಡಕ್ಕೇ ಕೈ ಹಾಕಿದರು. ಮಾತುಗಳು ಒಂದೊಂದಾಗಿ ಪರೀಕ್ಷೆಗೆ ಬರುವುದಿಲ್ಲ, ಗುಂಪಾಗಿ ಬರುತ್ತವೆ ಎಂದರು. ಇದನ್ನು ಹೇಳಿ ನಾನು ತರಗತಿಗೆ ಒಂದು ಪ್ರಶ್ನೆ ಬಿಡುತ್ತೇನೆ: ಕಬ್ಬಿಣದ ಸರಳನ್ನು ಕಾಯಿಸಿದಿರಿ, ಅಳತೆ ಅಷ್ಟೇ ಬಂತು. ನಿಯಮ ಸುಳ್ಳೋ? ಅಳೆದ ಪಟ್ಟಿಯೂ ಕಾದು ಹಿಗ್ಗಿರಬಹುದು, ಅಲ್ವಾ?