1453ರಲ್ಲಿ ಮೆಣಸಿನ ದಾರಿ ನಿಜವಾಗಿಯೂ ಮುಚ್ಚಿತ್ತೇ?

ಪ್ರಶ್ನೆ: ತುರ್ಕರು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಹಿಡಿದು ವ್ಯಾಪಾರದ ದಾರಿ ಬಂದ್ ಮಾಡಿದ್ದರಿಂದ ತಾನೇ ಯುರೋಪಿನವರು ಸಮುದ್ರಕ್ಕಿಳಿದು ಸಾಮ್ರಾಜ್ಯ ಕಟ್ಟಿದ್ದು?

ಉತ್ತರ: ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಉತ್ತರವನ್ನು ಬಗಲಲ್ಲೇ ಇಟ್ಟುಕೊಂಡು ಮತ್ತೆ ಬರುತ್ತದೆ. ಪರೀಕ್ಷೆಯಲ್ಲಿ ಅಂಕ ಬೇಕಿದ್ದರೆ ಪಠ್ಯದಲ್ಲಿರುವುದನ್ನೇ ಬರೆಯಿರಿ, ತಕರಾರಿಲ್ಲ. ನಡೆದದ್ದೇನೆಂದು ತಿಳಿಯಬೇಕಿದ್ದರೆ ಒಂದು ಭೂಪಟ ಬಿಡಿಸಿಕೊಳ್ಳಿ.

ಮಲಬಾರಿನ ಕಾಳುಮೆಣಸು ಅರಬ್ಬಿ ಸಮುದ್ರ ದಾಟಿ, ಕೆಂಪು ಸಮುದ್ರದ ಬಾಗಿಲ ಬಳಿಯ ಏಡನ್ ಮುಟ್ಟುತ್ತಿತ್ತು. ಅಲ್ಲಿಂದ ಕೆಂಪು ಸಮುದ್ರದೊಳಗೆ ಜೆಡ್ಡಾ, ಆಮೇಲೆ ಕೈರೋ, ನೈಲ್ ನದಿಯಲ್ಲಿಳಿದು ಅಲೆಕ್ಸಾಂಡ್ರಿಯಾ. ಅಲ್ಲಿ ವೆನಿಸ್ ವರ್ತಕರು ಕಾದಿರುತ್ತಿದ್ದರು. ಇನ್ನೊಂದು ಪಾಲು ಸಿರಿಯಾದ ಮೇಲೆ ಹೋಗುತ್ತಿತ್ತು. ಈ ದಾರಿಯಲ್ಲಿ ಕಾನ್‌ಸ್ಟಾಂಟಿನೋಪಲ್ ಎಲ್ಲಿದೆ, ಬೆರಳಿಟ್ಟು ತೋರಿಸಿ. ಅದು ದೂರದ ಉತ್ತರದಲ್ಲಿ, ಕಪ್ಪು ಸಮುದ್ರದ ಬಾಗಿಲಲ್ಲಿದೆ. 1453ರಲ್ಲಿ ಈಜಿಪ್ಟ್, ಸಿರಿಯಾ ಎರಡನ್ನೂ ಆಳುತ್ತಿದ್ದವರು ಮಾಮ್ಲೂಕರು, ಅಂದರೆ ಕೈರೋದ ಬೇರೆ ಸುಲ್ತಾನರು. ತುರ್ಕರಿಗೆ ಅವು ಸಿಕ್ಕಿದ್ದು 1516–17ರಲ್ಲಿ. ಅಷ್ಟರಲ್ಲಿ ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಬಂದು 19 ವರ್ಷ ಕಳೆದಿತ್ತು!

ಇಸವಿಗಳೂ ತಾಳೆಯಾಗುವುದಿಲ್ಲ. ಪೋರ್ಚುಗೀಸರು ಮೊರಾಕೋ ಕರಾವಳಿಯ ಸ್ಯೂಟಾ ಹಿಡಿದದ್ದು 1415ರಲ್ಲಿ, ಪಶ್ಚಿಮ ಆಫ್ರಿಕಾದ ಬೊಜಡೋರ್ ಭೂಶಿರ ದಾಟಿದ್ದು 1434ರಲ್ಲಿ, ಆಫ್ರಿಕನ್ನರನ್ನು ಹಿಡಿದು ತಂದು ಪೋರ್ಚುಗಲ್‌ನ ಲಾಗೋಸ್ ಬಂದರಿನಲ್ಲಿ ಗುಲಾಮರಾಗಿ ಹಂಚಿಕೊಂಡದ್ದು 1444ರಲ್ಲಿ. ಎಲ್ಲವೂ 1453ಕ್ಕಿಂತ ಮೊದಲೇ. ಅವರ ಕಣ್ಣು ಮೊದಲು ಬಿದ್ದದ್ದು ಮೆಣಸಿನ ಮೇಲಲ್ಲ, ಸಹಾರಾ ದಾಟಿ ಒಂಟೆಯ ಮೇಲೆ ಬರುತ್ತಿದ್ದ ಚಿನ್ನದ ಮೇಲೆ. 1482ರಲ್ಲಿ ಇಂದಿನ ಘಾನಾದ ಎಲ್ಮಿನಾದಲ್ಲಿ ಕೋಟೆ ಕಟ್ಟಿದ್ದೂ ಅದಕ್ಕೇ.

ಇನ್ನು 'ಬಂದ್' ಮಾಡಿದ ವಿಚಾರ. ಸುಲ್ತಾನ ಗೆದ್ದ ಮರುವರ್ಷ, 1454ರಲ್ಲೇ, ವೆನಿಸ್ ಅವನೊಂದಿಗೆ ವ್ಯಾಪಾರದ ಒಪ್ಪಂದ ಮಾಡಿಕೊಂಡಿತು. ಸುಂಕ ಬರುವ ಬಾಗಿಲಿಗೆ ಯಾವ ದೊರೆ ತಾನೇ ಬೀಗ ಜಡಿಯುತ್ತಾನೆ? 16ನೇ ಶತಮಾನದ ನಡುಭಾಗದಲ್ಲಿ ಇದೇ ತುರ್ಕರ ಆಳ್ವಿಕೆಯಲ್ಲಿ ಕೆಂಪು ಸಮುದ್ರದ ಮೆಣಸಿನ ವ್ಯಾಪಾರ ಮತ್ತೆ ಚಿಗುರಿತು. ಆ ದಾರಿ ಮುಚ್ಚಲು ನಿಜವಾಗಿ ಹೊರಟವರು ಯಾರು ಗೊತ್ತೇ? ಪೋರ್ಚುಗೀಸರು. 1513ರಲ್ಲಿ ಅವರ ಗವರ್ನರ್ ಅಲ್ಬುಕರ್ಕ್ ಏಡನ್ ಮೇಲೆ ಏರಿಹೋಗಿ ಬರಿಗೈಯಲ್ಲಿ ವಾಪಸಾದ. ಆ ಕಿಂಡಿ ತೆರೆದೇ ಉಳಿಯಿತು.

ಹಾಗಾದರೆ ಸಾಮ್ರಾಜ್ಯ ಕಟ್ಟಿದ್ದು ಹೇಗೆ? ನೆಲ ಗೆದ್ದಲ್ಲ, ಇಕ್ಕಟ್ಟಿನ ಜಾಗಗಳಲ್ಲಿ ಕೂತು. 1510ರಲ್ಲಿ ಗೋವಾ (ಇದಕ್ಕೆ ಕುಮ್ಮಕ್ಕು ಕೊಟ್ಟವನು ನಮ್ಮ ಹೊನ್ನಾವರದ ತಿಮ್ಮಯ್ಯ), 1511ರಲ್ಲಿ ಮಲಕ್ಕಾ, 1515ರಲ್ಲಿ ಪರ್ಷಿಯನ್ ಕೊಲ್ಲಿಯ ಬಾಗಿಲಲ್ಲಿರುವ ಹಾರ್ಮುಜ್. ನಡುವಿನ ಸಮುದ್ರದಲ್ಲಿ ಓಡಾಡುವ ಹಡಗು 'ಕಾರ್ತಾಜ್' ಎಂಬ ರಹದಾರಿ ಚೀಟಿ ಇಟ್ಟುಕೊಳ್ಳಬೇಕಿತ್ತು. ಹಡಗಿನ ಹೆಸರು, ಗಾತ್ರ, ನಾಖುದಾ (ಹಡಗಿನ ನಾಯಕ) ಯಾರು, ಆಯುಧ ಎಷ್ಟು, ಎಲ್ಲಿಂದ ಎಲ್ಲಿಗೆ ಎಲ್ಲವೂ ಅದರಲ್ಲಿ. ಮೆಣಸು ಹೇರುವಂತಿಲ್ಲ. ಚೀಟಿಯ ಶುಲ್ಕ ಅಲ್ಪ. ಪೋರ್ಚುಗೀಸ್ ಬಂದರಿಗೆ ಹೋಗಿ ಕಟ್ಟಬೇಕಾದ ಸುಂಕದಲ್ಲೇ ಇತ್ತು ಪೆಟ್ಟು. ಚೀಟಿ ಇಲ್ಲದಿದ್ದರೆ ಹಡಗೂ ಹೋಯಿತು, ಸರಕೂ ಹೋಯಿತು. ಕಡಲಿನಲ್ಲಿ ಹಫ್ತಾ ವಸೂಲಿ ಎಂದುಕೊಂಡರೆ ಹೆಚ್ಚೇನೂ ತಪ್ಪಿಲ್ಲ.

1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ಇದಕ್ಕೆ ವ್ಯಾಪಾರಿ ಬುದ್ಧಿ ಸೇರಿಸಿತು. ಯುರೋಪಿನ ಸರಕು ಇಲ್ಲಿ ಯಾರಿಗೂ ಅಷ್ಟಾಗಿ ಬೇಕಿರಲಿಲ್ಲ. ಹಾಗಾಗಿ ಅಮೆರಿಕದ ಗಣಿಗಳ ಬೆಳ್ಳಿ ತಂದು ಕೋರಮಂಡಲದ ಬಟ್ಟೆ ಕೊಳ್ಳುವುದು, ಆ ಬಟ್ಟೆ ಕೊಟ್ಟು ಪೂರ್ವದ ದ್ವೀಪಗಳಲ್ಲಿ ಸಾಂಬಾರ ಪದಾರ್ಥ ಪಡೆಯುವುದು. ಜಾಯಿಕಾಯಿ ಬೆಳೆಯುತ್ತಿದ್ದ ಬಾಂಡಾ ದ್ವೀಪಗಳಲ್ಲಿ ಮಾತ್ರ ಅಷ್ಟಕ್ಕೆ ನಿಲ್ಲಲಿಲ್ಲ: 1621ರಲ್ಲಿ ಅಲ್ಲಿನ ಬಹುಪಾಲು ಜನರನ್ನು ಕೊಂದು, ಓಡಿಸಿ, ಗುಲಾಮರಾಗಿಸಿ ತೋಟಗಳನ್ನು ವಶಪಡಿಸಿಕೊಂಡರು.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಉಳಿಯುತ್ತದೆ. ಕಾರ್ತಾಜ್ ಕೈಯಲ್ಲಿದ್ದರೆ ಹಡಗು ಕ್ಷೇಮವೇ? ಜಹಾಂಗೀರನ ತಾಯಿಯ ದೊಡ್ಡ ಹಡಗು 'ರಹೀಮಿ' ಸೂರತ್‌ನಿಂದ ಕೆಂಪು ಸಮುದ್ರಕ್ಕೆ ಯಾತ್ರಿಕರನ್ನೂ ಸರಕನ್ನೂ ಒಯ್ಯುತ್ತಿತ್ತು. ಚೀಟಿ ಸರಿಯಾಗೇ ಇತ್ತು. ಆದರೂ 1613ರಲ್ಲಿ ಸೂರತ್ ಬಳಿಯೇ ಪೋರ್ಚುಗೀಸರು ಅದನ್ನು ಹಿಡಿದು ಗೋವಾಕ್ಕೆ ಎಳೆದೊಯ್ದರು. ಸೂರತ್‌ನಲ್ಲಿ ಇಂಗ್ಲಿಷರಿಗೆ ಜಾಗ ಸಿಗುತ್ತಿರುವುದು ಪೋರ್ಚುಗೀಸರಿಗೆ ಸಹನೆಯಾಗಿರಲಿಲ್ಲ. ಬಾದಶಹನಿಗೆ ಸಮುದ್ರದಲ್ಲಿ ಬೆನ್ನಟ್ಟುವ ನೌಕಾಬಲ ಇರಲಿಲ್ಲ. ಕೈಗೆಟಕುವ ನೆಲದ ಮೇಲೆ ಪೋರ್ಚುಗೀಸರ ವಶದಲ್ಲಿದ್ದ ದಮನ್‌ಗೆ ಮುತ್ತಿಗೆ ಹಾಕಿಸಿದ. ಲಾಭ ಇಂಗ್ಲಿಷರಿಗಾಯಿತು.