ಪದ ಪರಿಚಯ: ಕ್ಯಾಪ್ಚರ್-ರೀಕ್ಯಾಪ್ಚರ್, ಅಂದ್ರೆ ಕಣ್ಣಿಗೆ ಬೀಳದ ಹುಲಿನೂ ಲೆಕ್ಕಕ್ಕೆ ತಗೊಳೋದು

2023ರ ಏಪ್ರಿಲ್‌ನಲ್ಲಿ ಮೈಸೂರಲ್ಲಿ ಪ್ರಾಜೆಕ್ಟ್ ಟೈಗರ್‌ನ 50ನೇ ವರ್ಷದ ಕಾರ್ಯಕ್ರಮ ಆಯ್ತಲ್ಲ, ಅವತ್ತು ದೇಶದಲ್ಲಿ 3167 ಹುಲಿ ಅಂತ ಹೇಳಿದ್ರು, ಜುಲೈಯಲ್ಲಿ ಬಂದ ರಿಪೋರ್ಟ್‌ನಲ್ಲಿ ನೋಡಿದ್ರೆ 3682 ಅಂತ ಇತ್ತು. ಮೂರು ತಿಂಗಳಲ್ಲಿ ಐನೂರು ಹುಲಿ ಎಲ್ಲಿಂದ ಬಂದ್ವಪ್ಪಾ ಅಂತ ನಮ್ಮ ಚಿಕ್ಕಪ್ಪ ಫೋನ್ ಮಾಡಿ ಕೇಳಿದ್ರು, ಕೇಳಬೇಕಾದ ಪ್ರಶ್ನೆನೇ. ಮೊದಲನೇದು ಕನಿಷ್ಠ ಇಷ್ಟಾದ್ರೂ ಇದಾವೆ ಅನ್ನೋ ನಂಬರು. ಎರಡನೇದು ಸರಾಸರಿ ಅಂದಾಜು, ಅದರ ರೇಂಜ್ 3167ರಿಂದ 3925ರವರೆಗೆ. ನಾವೆಲ್ಲ ಹುಲಿ ಗಣತಿ ಅಂತ ಕರೆದೂ ಕರೆದೂ ಯಾರೋ ಕಾಡಿಗೆ ಹೋಗಿ ಒಂದೊಂದಾಗಿ ಎಣಿಸ್ಕೊಂಡು ಬರ್ತಾರೆ ಅಂದ್ಕೊಂಡಿದೀವಿ. ಜನಗಣತಿಗಾದ್ರೆ ಮನೆ ಮನೆಗೆ ಹೋಗಿ ಹೆಸರು ಬರ್ಕೊಬಹುದು, ಕಾಡಲ್ಲಿ ಎಷ್ಟು ಹುಡುಕಿದ್ರೂ ಒಂದಷ್ಟು ಪ್ರಾಣಿ ಕಣ್ಣಿಗೇ ಬೀಳಲ್ಲ, ಆ ಕಾಣದವು ಎಷ್ಟು ಅಂತ ತಿಳ್ಕೊಳ್ಳೋದೇ ಇಲ್ಲಿರೋ ದೊಡ್ಡ ಕೆಲಸ.

ಇದನ್ನ ಮಗಳಿಗೆ ತೋರ್ಸಕ್ಕೆ ಅಡುಗೆಮನೇಲಿ ಒಣ ಅವರೆಕಾಳಿನ ಡಬ್ಬ ತಗೊಂಡ್ವಿ. 40 ಕಾಳು ತೆಗೆದು ಮಾರ್ಕರ್‌ನಲ್ಲಿ ಒಂದೊಂದು ಚುಕ್ಕೆ ಇಟ್ಟು, ವಾಪಸ್ ಹಾಕಿ, ಚೆನ್ನಾಗಿ ಕುಲುಕಿದ್ವಿ. ಆಮೇಲೆ ಕಣ್ಣು ಮುಚ್ಚಿ 50 ಕಾಳು ತೆಗೆದ್ರೆ ಅದ್ರಲ್ಲಿ ಚುಕ್ಕೆ ಇದ್ದಿದ್ದು 5. ಅಂದ್ರೆ ಹತ್ತಕ್ಕೆ ಒಂದು. ಹಾಗಿದ್ರೆ ನಾವು ಚುಕ್ಕೆ ಇಟ್ಟ 40 ಇಡೀ ಡಬ್ಬದ ಹತ್ತನೇ ಒಂದು ಭಾಗ, ಒಟ್ಟು 400 ಇರಬೇಕು. ಇನ್ನೊಂದು ಸಲ ಮಾಡಿದಾಗ ಚುಕ್ಕೆದು 7 ಬಂತು, ಲೆಕ್ಕ 286ಕ್ಕೆ ಇಳೀತು. ಡಬ್ಬ ಅದೇ, ಕಾಳೂ ಅಷ್ಟೇ! ರೇಂಜ್ ಯಾಕೆ ಕೊಡ್ತಾರೆ ಅಂತ ಅವಳಿಗೆ ಆಗ ತಾನಾಗೇ ಗೊತ್ತಾಯ್ತು, ನಾನು ಬಾಯಲ್ಲಿ ಹೇಳಿದ್ರೆ ಅಷ್ಟು ಬೇಗ ತಲೆಗೆ ಹೋಗ್ತಿರಲಿಲ್ಲ. ಎರಡನೇ ಸಲ ಕೈಗೆ ಬರೋ ಚುಕ್ಕೆ ಜಾಸ್ತಿ ಇದ್ದಷ್ಟೂ ಅಂದಾಜು ಗಟ್ಟಿ ಆಗತ್ತೆ. ಹೀಗೆ ಒಂದು ಸಲ ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದಾಗ ಗುರುತಿರೋದು ಎಷ್ಟು ಅಂತ ನೋಡೋದಕ್ಕೇ ಕ್ಯಾಪ್ಚರ್-ರೀಕ್ಯಾಪ್ಚರ್ ಅನ್ನೋದು.

ಡೆನ್ಮಾರ್ಕಿನ ಪೀಟರ್ಸನ್ ಮೀನಿಗೆ ಗುರುತು ಹಾಕಿ ಬಿಡೋ ಕೆಲಸ ಮಾಡಿದ್ದು 1890ರ ದಶಕದಲ್ಲಿ, ಅಮೆರಿಕದ ಲಿಂಕನ್ ಬಾತುಕೋಳಿ ಲೆಕ್ಕ ಹಾಕಿದ್ದು 1930ರಲ್ಲಿ, ಈಗಲೂ ಈ ಸೂತ್ರಕ್ಕೆ ಅವರಿಬ್ಬರ ಹೆಸರೇ ಇದೆ. ಆದ್ರೆ ಹುಲಿ ಹಿಡಿದು ಚುಕ್ಕೆ ಇಡಕ್ಕಾಗತ್ತಾ? ಬೇಕಾಗೇ ಇಲ್ಲ, ಹುಟ್ಟುತ್ತಲೇ ಪಟ್ಟೆ ತಂದಿರತ್ತೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಥರ ಒಂದರದ್ದು ಇನ್ನೊಂದಕ್ಕೆ ಇರಲ್ಲ. ಮೊದಲ ಸಲ ಫೋಟೋ ಸಿಕ್ಕಿದ್ರೆ ಚುಕ್ಕೆ ಇಟ್ಟ ಹಾಗೆ, ಅದೇ ಪಟ್ಟೆ ಮತ್ತೆ ಫೋಟೋದಲ್ಲಿ ಬಂದ್ರೆ ಚುಕ್ಕೆ ಕಾಳು ಮತ್ತೆ ಕೈಗೆ ಸಿಕ್ಕ ಹಾಗೆ. ಇದನ್ನ ಹಿಡ್ಕೊಂಡು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದ್ರೆ ಪ್ರಾಣಿ ಎದುರಿಗೆ ಬಂದ್ರೆ ತಾನಾಗೇ ಫೋಟೋ ತೆಗೆಯೋ ಕ್ಯಾಮೆರಾ ಇಟ್ಟು ಲೆಕ್ಕ ಹಾಕಿ 1995ರಲ್ಲಿ ಪೇಪರ್ ಬರೆದ್ರು, ಆಮೇಲೆ ಜಗತ್ತಿನ ಎಷ್ಟೋ ಕಾಡಲ್ಲಿ ಇದೇ ದಾರಿ ಹಿಡಿದ್ರು. ನನಗಂತೂ ಇದು ತುಂಬ ಹೆಮ್ಮೆಯ ವಿಷಯ. ಹುಲಿ ಓಡಾಡೋ ಕಾಡಿನ ದಾರಿಯ ಎರಡೂ ಬದಿ ಒಂದೊಂದು ಕ್ಯಾಮೆರಾ ಕಟ್ಟಿರ್ತಾರೆ, ಯಾಕಂದ್ರೆ ಒಂದೇ ಹುಲಿಯ ಎಡಗಡೆ ಪಟ್ಟೆ ಬೇರೆ, ಬಲಗಡೆದು ಬೇರೆ, ಒಂದೇ ಕಡೆ ಫೋಟೋ ಸಿಕ್ಕಿದ್ರೆ ಒಂದನ್ನೇ ಎರಡು ಅಂತ ಎಣಿಸಿಬಿಡೋ ಭಯ ಇರತ್ತೆ. ಇಡೀ ಸರ್ವೇ ಕೆಲವೇ ವಾರದಲ್ಲಿ ಮುಗೀಬೇಕು, ಎಳೆದ್ರೆ ಆ ನಡುವೆ ಸತ್ತವು, ಬೇರೆ ಕಾಡಿಗೆ ಹೋದವು, ಹೊಸದಾಗಿ ಬಂದವು ಎಲ್ಲಾ ಸೇರ್ಕೊಂಡು ಲೆಕ್ಕ ಕೆಡತ್ತೆ.

ಇದಕ್ಕೆ ಮೊದಲು ಹೆಜ್ಜೆ ಗುರುತಿನ ಲೆಕ್ಕ ಇತ್ತು, ಮಣ್ಣಲ್ಲಿ ಮೂಡಿದ ಹೆಜ್ಜೆ ಮೇಲೆ ಗಾಜು ಇಟ್ಟು ಟ್ರೇಸ್ ಮಾಡ್ಕೊಂಡು ಇದು ಈ ಹುಲಿ, ಅದು ಆ ಹುಲಿ ಅಂತ ಹೇಳೋದು. ಅದೇ ಕಾಲು ಮರಳಲ್ಲಿ ಒಂಥರ ಮೂಡತ್ತೆ, ಕೆಸರಲ್ಲಿ ಇನ್ನೊಂಥರ. ಅದಕ್ಕಿಂತ ದೊಡ್ಡ ತಪ್ಪು ಅಂದ್ರೆ ಎಲ್ಲಾ ಹುಲಿದೂ ಹೆಜ್ಜೆ ಸಿಕ್ಕೇ ಸಿಗತ್ತೆ ಅಂತ ನಂಬಿದ್ದು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿ ಇದ್ವು, 2005ರ ಹೊತ್ತಿಗೆ ಕಾಡಲ್ಲಿ ಒಂದೂ ಉಳಿದಿರಲಿಲ್ಲ. ಅದನ್ನ ಓದಿದಾಗ ಆದ ಸಂಕಟ ಈಗಲೂ ನೆನಪಿದೆ. 2006ರಿಂದ ದೇಶಾದ್ಯಂತ ಹೊಸ ವಿಧಾನ ಬಂತು, 2018ರ ಸುತ್ತಿನಲ್ಲಿ ಫೋಟೋದಲ್ಲಿ ಬೇರೆ ಬೇರೆ ಅಂತ ಗುರುತು ಸಿಕ್ಕ ಹುಲಿ 2461, ಅಂದಾಜು ಮಾತ್ರ 2967. ಆ ನಡುವಿನ ಐನೂರು ಚಿಲ್ಲರೆ ಹುಲಿ ಕ್ಯಾಮೆರಾಗೆ ಬಿದ್ದಿಲ್ಲ, ಕ್ಯಾಮೆರಾನೇ ಇಡದ ಜಾಗದ್ದೂ ಅದರಲ್ಲಿ ಸೇರಿದೆ.

ಕಡವೆ, ಕಾಟಿಗೆ ಪಟ್ಟೆ ಇಲ್ವಲ್ಲ, ಅವಕ್ಕೆ ಲೈನ್ ಟ್ರಾನ್ಸೆಕ್ಟ್ ಅಂತ ಮಾಡ್ತಾರೆ. ಬೆಳಗ್ಗೆ ಬೆಳಗ್ಗೆನೇ ನೆಟ್ಟಗಿರೋ ಗೆರೆ ಮೇಲೆ ಸದ್ದು ಮಾಡದೆ ನಡೀತಾ, ಕಂಡ ಪ್ರಾಣಿ ಗೆರೆಯಿಂದ ಎಷ್ಟು ದೂರ ಅಂತ ಬರ್ಕೊಳ್ಳೋದು. ಹತ್ರ ಇರೋದು ಜಾಸ್ತಿ ಕಾಣತ್ತೆ, ದೂರ ಹೋದಷ್ಟೂ ಕಮ್ಮಿ, ಆ ಕಮ್ಮಿ ಆಗೋ ರೀತಿಯಿಂದಲೇ ಪೊದೆ ಹಿಂದೆ ತಪ್ಪಿಸ್ಕೊಂಡಿದ್ದು ಎಷ್ಟು ಅಂತ ಸಿಗತ್ತೆ.

ಆನೆಗಾದ್ರೆ ಲದ್ದಿ ಎಣಿಸೋದೂ ಉಂಟು. ಒಂದಾನೆ ದಿನಕ್ಕೆ ಎಷ್ಟು ಸಲ ಲದ್ದಿ ಹಾಕತ್ತೆ, ಅದು ಕರಗಕ್ಕೆ ಎಷ್ಟು ದಿನ ಬೇಕು ಅನ್ನೋ ಎರಡೂ ಗೊತ್ತಿದ್ರೆ ಕಾಡಲ್ಲಿ ಬಿದ್ದಿರೋ ಲದ್ದಿಯಿಂದ ಆನೆ ಲೆಕ್ಕ ಹಾಕಬಹುದು. ಮಳೆಗಾಲದಲ್ಲಿ ಕರಗೋ ವೇಗ ಬೇರೆ, ಬೇಸಿಗೇಲಿ ಬೇರೆ, ಅದಕ್ಕೇ ಅದೇ ಕಾಡಲ್ಲಿ ಹೊಸ ಲದ್ದಿಗೆ ಗುರುತು ಇಟ್ಟು, ಎಷ್ಟು ದಿನ ಉಳಿಯತ್ತೆ ಅಂತ ಮೊದಲು ಕಾದು ನೋಡ್ತಾರೆ.