ಕಿವಿ ಕೂದಲು: ಕನ್ನಡಿಯಲ್ಲಿ ಕಂಡಷ್ಟಕ್ಕೆ ಕತ್ತರಿ ಸಾಕು

ವಯಸ್ಸು ನಲವತ್ತು ದಾಟಿತೆಂದರೆ ಗಂಡಸರಿಗೆ ಇದೊಂದು ತಮಾಷೆ. ನೆತ್ತಿಯ ಮೇಲೆ ಬೇಕು ಅಂದರೂ ಕೂದಲು ನಿಲ್ಲುವುದಿಲ್ಲ, ಕಿವಿಯಲ್ಲಿ ಬೇಡ ಅಂದರೂ ಬರುತ್ತದೆ. ಎರಡರ ಹಿಂದೆಯೂ ಇರುವುದು ಅದೇ ಗಂಡು ಹಾರ್ಮೋನು. ನೆತ್ತಿಯಲ್ಲಿ ಕೂದಲನ್ನು ಸಣಕಲು ಮಾಡುವ ಹಾರ್ಮೋನೇ ಕಿವಿಯ ನವಿರು ಕೂದಲನ್ನು ವರ್ಷಗಳು ಕಳೆದಂತೆ ದಪ್ಪ ಮಾಡುತ್ತದೆ. ಇದು ಕಾಯಿಲೆ ಅಲ್ಲ. ಕಿವಿಯಲ್ಲಿ ಕೂದಲಿದ್ದರೆ ಆಯಸ್ಸು ಜಾಸ್ತಿ ಅಂತ ಖುಷಿಪಡುವವರೂ ಇದ್ದಾರೆ. ಮಧುರೈನ ನಿವೃತ್ತ ಹೆಡ್‌ಮಾಸ್ಟರ್ ಆಂಟನಿ ವಿಕ್ಟರ್ ತಮ್ಮ ಕಿವಿ ಕೂದಲನ್ನು 18.1 ಸೆಂಟಿಮೀಟರ್ ಬೆಳೆಸಿ ಗಿನ್ನೆಸ್ ದಾಖಲೆಯನ್ನೇ ಮಾಡಿದರು.

ಇದು ಅಪ್ಪನಿಂದ ಮಗನಿಗೆ ವೈ ಕ್ರೋಮೋಸೋಮ್ ಮೂಲಕವೇ ಬರುತ್ತದೆ ಅಂತ ನಮಗೆಲ್ಲ ಕಾಲೇಜಿನಲ್ಲಿ ಪಾಠ ಮಾಡಿದ್ದರು. 1960ರಲ್ಲಿ ತಳಿವಿಜ್ಞಾನಿ ಕೃಷ್ಣ ದ್ರೋಣಂರಾಜು ಆಂಧ್ರದ ಕುಟುಂಬಗಳ ವಂಶಾವಳಿ ನೋಡಿ ಹಾಗೆ ಬರೆದಿದ್ದರು. 2004ರಲ್ಲಿ ದಕ್ಷಿಣ ಭಾರತದ ಗಂಡಸರ ಡಿಎನ್‌ಎ ಪರೀಕ್ಷೆ ಮಾಡಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ಹಾಗಾಗಿ ಅಪ್ಪನ ಕಿವಿ ನೋಡಿ ಈಗಲೇ ಗಾಬರಿಯಾಗುವುದು ಬೇಡ.

ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ, ತಪ್ಪೇನಿಲ್ಲ. ಎಲ್ಲಿವರೆಗೆ ಅನ್ನುವುದೇ ಪ್ರಶ್ನೆ. ಕಿವಿಯ ಅಂಚು, ಹಾಲೆ, ರಂಧ್ರದ ಮುಂದಿರುವ ಪುಟ್ಟ ಉಬ್ಬು, ಇಲ್ಲಿನ ಕೂದಲು ಕೇವಲ ಅಂದದ ವಿಷಯ. ಒಳಗಿನದು ಹಾಗಲ್ಲ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕೂದಲು ಮತ್ತು ಗುಗ್ಗೆ ಮಾಡುವ ಗ್ರಂಥಿಗಳಿವೆ. ಧೂಳು, ಸಣ್ಣ ಹುಳು ಒಳಗೆ ಹೋಗದಂತೆ ತಡೆಯುವುದು ಇವೆರಡೂ ಸೇರಿ. ಅದರಾಚೆ ಮೂಳೆಗೆ ಅಂಟಿದ ತೆಳು ಚರ್ಮ, ಆಮೇಲೆ ತಮಟೆ. ಅಲ್ಲಿ ಸ್ವಲ್ಪ ತಾಗಿದರೂ ಜೀವ ಹೋದಂತೆ ನೋಯುತ್ತದೆ.

ಹೇರ್‌ಕಟ್ ಮಾಡಿಸಿಕೊಂಡ ಎರಡು ಮೂರು ದಿನಕ್ಕೆ ನಮ್ಮ ಹತ್ತಿರ ಬರುವ ಒಂದು ದೂರು ಇದೆ. "ಡಾಕ್ಟ್ರೇ, ಬಾಯಿ ಅಗಲಿಸಿದರೆ, ಊಟ ಅಗಿದರೆ, ಕಿವಿಯೊಳಗೆ ಕರಕರ ಸದ್ದು. ಏನೋ ಓಡಾಡಿದ ಹಾಗಾಗುತ್ತೆ." ಹುಳುವೇ ಹೊಕ್ಕಿದೆ ಅಂತ ರಾತ್ರಿ ನಿದ್ದೆ ಬಿಟ್ಟವರೂ ಇದ್ದಾರೆ. ಬೆಳಕು ಹಾಕಿ ನೋಡಿದರೆ ತಮಟೆಯ ಮೇಲೆ ತುಂಡು ಕೂದಲೊಂದು ಅಡ್ಡಡ್ಡ ಮಲಗಿರುತ್ತದೆ. ದವಡೆ ಅಲ್ಲಾಡಿದಾಗ ನಾಳವೂ ತುಸು ಅಲ್ಲಾಡುತ್ತದೆ, ಕೂದಲು ತಮಟೆಗೆ ಉಜ್ಜುತ್ತದೆ. ತಮಟೆಗೇ ಉಜ್ಜಿದ ಮೇಲೆ ಸದ್ದು ಕೇಳದೆ ಇರುತ್ತದೆಯೇ? ಸಣ್ಣ ಚಿಮಟದಲ್ಲಿ ಎತ್ತಿದ ಕೂಡಲೇ ಸದ್ದು ನಿಲ್ಲುತ್ತದೆ. ಇದನ್ನು ಮನೆಯಲ್ಲಿ ಇಯರ್ ಬಡ್‌ನಿಂದ ತೆಗೆಯಲು ಹೋದವರು ಕೂದಲಿನ ಜೊತೆ ಗುಗ್ಗೆಯನ್ನೂ ಒಳಗೆ ತಳ್ಳಿಕೊಂಡು ಬರುತ್ತಾರೆ.

ಅದಕ್ಕೇ ಕತ್ತರಿಸುವಾಗ ತಲೆ ವಾಲಿಸಿ, ಆ ಕಿವಿ ನೆಲದ ಕಡೆಗಿರಲಿ. ತುಂಡುಗಳು ಹೊರಗೇ ಉದುರುತ್ತವೆ. ಸಾಧನ ಅಂದರೆ ಮೂಗು ಮತ್ತು ಕಿವಿಗೆಂದೇ ಬರುವ ಬ್ಯಾಟರಿ ಟ್ರಿಮ್ಮರ್ ಒಳ್ಳೆಯದು. ಅದರ ಬ್ಲೇಡ್ ಕವಚದೊಳಗೆ ಇರುವುದರಿಂದ ಚರ್ಮಕ್ಕೆ ನೇರ ತಾಗುವುದಿಲ್ಲ. ಸ್ನಾನವಾಗಿ ಕಿವಿ ಪೂರ್ತಿ ಒಣಗಿದ ಮೇಲೆ, ಒಳ್ಳೆ ಬೆಳಕಿನಲ್ಲಿ, ಕನ್ನಡಿಯಲ್ಲಿ ಕಾಣುವ ಕೂದಲಿಗೆ ಮಾತ್ರ ತಾಗಿಸಿ. ರಂಧ್ರದ ಬಾಯಿಯಲ್ಲಿ ನಿಲ್ಲಿಸಿ, ಒಳಗೆ ತೂರಿಸಬೇಡಿ. ಒಳಗೆ ಏನಾದರೂ ತಾಗಿದರೆ ಕೆಲವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ, ಗಂಟಲಿಗೆ ಹೋಗುವ ನರದ ಕವಲೊಂದು ಕಿವಿಯಲ್ಲೂ ಇದೆ. ಕೈಯಲ್ಲಿ ಚೂಪಾದ ಕತ್ತರಿ ಇದ್ದಾಗ ಕೆಮ್ಮಿದರೆ ಏನಾಗಬಹುದು ಯೋಚಿಸಿ. ಕತ್ತರಿಯೇ ಬೇಕಿದ್ದರೆ ತುದಿ ಮೊಂಡಾಗಿರುವುದು ಇರಲಿ, ಹೆಂಡತಿಯನ್ನೋ ಮಗನನ್ನೋ ಕರೆಯಿರಿ. ಟ್ರಿಮ್ಮರ್ ಮಾತ್ರ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಕತ್ತರಿಸಿದರೆ ಕೂದಲು ದಪ್ಪಗೆ ಬರುತ್ತದೆ ಅನ್ನುವುದು ಸುಳ್ಳು. ತುದಿ ಮೊಂಡಾಗಿ ಒರಟು ಅನ್ನಿಸುತ್ತದೆ, ಅಷ್ಟೆ.

ಚಿಮಟದಿಂದ ಕೀಳುವುದು ನನಗೆ ಇಷ್ಟವಿಲ್ಲ. ಅಂಚಿನಲ್ಲಿರುವ ಒಂದೆರಡು ಕೂದಲಾದರೆ ಹೋಗಲಿ. ರಂಧ್ರದ ಹತ್ತಿರ ಕಿತ್ತರೆ ಬುಡದಲ್ಲಿ ಕೀವು ತುಂಬಿ ಕುರು ಏಳುತ್ತದೆ. ಅಲ್ಲಿ ಚರ್ಮಕ್ಕೆ ಹಿಗ್ಗಲು ಜಾಗವಿಲ್ಲ, ಬಟಾಣಿಯಷ್ಟಿಲ್ಲದ ಕುರು ಕೂಡ ಅಗಿಯಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಇದರ ಗೊಡವೆಗೇ ಹೋಗಬಾರದು. ಅವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಕಿವಿಯ ಸೋಂಕು ಮೂಳೆಗೆ ಇಳಿದು ಜೀವಕ್ಕೇ ಅಪಾಯ ತಂದ ಉದಾಹರಣೆಗಳಿವೆ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರೂ ಟ್ರಿಮ್ಮರ್‌ನಲ್ಲೇ ಇರಲಿ.

ಈಗ ಸಲೂನುಗಳಲ್ಲಿ ಕಡ್ಡಿಗೆ ಬಿಸಿ ವ್ಯಾಕ್ಸ್ ಸುತ್ತಿ ಕಿವಿ, ಮೂಗಿನೊಳಗೆ ಇಟ್ಟು ಎಳೆಯುತ್ತಾರೆ. ನೋಡಲು ಮಜಾ ಇರುತ್ತದೆ. ಕಿವಿಯೊಳಗೆ ಅದು ಬೇಡವೇ ಬೇಡ. ಕೂದಲು ತೆಗೆಯುವ ಕ್ರೀಮ್ ಕೂಡ ಬೇಡ. ಅದರಲ್ಲಿರುವ ಕ್ಷಾರ ಚರ್ಮ ಸುಡುತ್ತದೆ, ತಮಟೆಯಲ್ಲಿ ತೂತಿದ್ದರೆ ಮಧ್ಯಕಿವಿಗೂ ಇಳಿಯಬಹುದು. ಕೆಲವು ಕಡೆ ಬೆಂಕಿ ಸೋಕಿಸಿ ಕೂದಲು ಸುಡುವ ಚಾಲಾಕಿಯೂ ಬಂದಿದೆ. ಅದರ ಬಗ್ಗೆ ನಾನು ಹೇಳಬೇಕೇ? ಹೊರಕಿವಿಯ ಅಂಚಿಗೆ ರೇಜರ್ ಆಡಿಸುವುದಾದರೆ ಹೊಸ ಬ್ಲೇಡ್ ಕಣ್ಣೆದುರಿಗೇ ಬಿಚ್ಚಿಸಿ. ಹೆಪಟೈಟಿಸ್ ಬಿ ಮತ್ತು ಸಿ ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ದಾಟಲು ಕಣ್ಣಿಗೆ ಕಾಣದ ಗೀರು ಸಾಕು.

ಪದೇ ಪದೇ ಕತ್ತರಿಸಿ ಬೇಸತ್ತವರಿಗೆ ಲೇಸರ್ ಇದೆ. ಹೊರಕಿವಿಗೆ ಮಾತ್ರ, ಚರ್ಮವೈದ್ಯರ ಹತ್ತಿರ, ವಾರಗಳ ಅಂತರದಲ್ಲಿ ಹಲವು ಸಲ. ನಮ್ಮಂಥ ಕಪ್ಪು, ಗೋಧಿ ಬಣ್ಣದ ಚರ್ಮಕ್ಕೆ 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಲೇಸರ್ ಹಿಡಿಯುವುದು ಕೂದಲಿನ ಕಪ್ಪನ್ನು. ಬಿಳಿ ಕೂದಲಿಗೆ ಅದು ದುಡ್ಡು ದಂಡ. ಅರವತ್ತರಲ್ಲಿ ಪ್ಯಾಕೇಜ್ ತೆಗೆದುಕೊಳ್ಳುವ ಮೊದಲು ಇದನ್ನು ಕೇಳಿಕೊಳ್ಳಿ. ಬಿಳಿಯದಕ್ಕೆ ಎಲೆಕ್ಟ್ರಾಲಿಸಿಸ್ ಇದೆ, ಒಂದೊಂದೇ ಕೂದಲಿನ ಬುಡ ಸುಡುವ ನಿಧಾನದ ಕೆಲಸ.

ಇನ್ನು ಒಳಗಿನ ಕೂದಲನ್ನು ತೆಗೆಯಲೇಬೇಕಾದವರು. ಗುಗ್ಗೆ ಕೂದಲಿಗೆ ಹೆಣೆದುಕೊಂಡು ಗಟ್ಟಿಯಾದವರಿಗೆ ಮೊದಲು ಹನಿ ಹಾಕಿ ಮೆತ್ತಗೆ ಮಾಡಿಸಿ, ಆಮೇಲೆ ನಾವೇ ಕತ್ತರಿಸಿ ತೆಗೆಯುತ್ತೇವೆ. ಶ್ರವಣ ಸಾಧನ ಹಾಕುವವರಿಗೂ ಒಳಗಿನ ಕೂದಲು ತೊಂದರೆ ಕೊಡುತ್ತದೆ. ಕಿವಿಯ ಅಳತೆಗೆ ಮಾಡಿದ ಅಚ್ಚು, ಅಂದರೆ ಮೋಲ್ಡ್, ಸರಿಯಾಗಿ ಕೂರದೆ ಸದ್ದು ಹೊರಗೆ ಸೋರಿ ಮೆಷಿನ್ ಕುಯ್ ಅನ್ನುತ್ತದೆ. ಅಪ್ಪನಿಗೆ ಹೊಸ ಮೆಷಿನ್ ಕೊಡಿಸುವವರು ಅಳತೆಗೆ ಕರೆದುಕೊಂಡು ಹೋಗುವ ಮೊದಲೇ ಒಮ್ಮೆ ಕಿವಿ ವೈದ್ಯರಿಗೆ ತೋರಿಸಿ, ಕೂದಲು, ಗುಗ್ಗೆ ಎರಡನ್ನೂ ತೆಗೆಸಿಬಿಡಿ.